ಮೂರನೇ ಹಾಳೆ, ನಾಲ್ಕನೇ ಹಾಳೆ

ನಾನು ಓದುವವನಲ್ಲ, ಅಂಟಿಸುವವನು.
ಹನ್ನೊಂದು ವರ್ಷದಿಂದ ಕುತಾಯಿಸಿಯ ಗೋಡೆಗಳಿಗೆ
ಏಣಿ, ಬಕೆಟ್ಟು, ಉದ್ದ ಹಿಡಿಯ ಬ್ರಷ್ಷು.
ಬ್ಯಾಂಕಿನ ಸಾಲವೂ ಒಂದೇ, ಬಾತುಮಿಯ ಹೋಟೆಲೂ ಒಂದೇ:
ನಾಲ್ಕು ಹಾಳೆ, ಅರ್ಧ ಬಕೆಟ್ ಅಂಟು,
ಗಾಳಿಯಿದ್ದರೆ ಮೇಲಿನಿಂದ, ಇಲ್ಲವಾದರೆ ಕೆಳಗಿನಿಂದ.

ರಿಯೋನಿ ಸೇತುವೆಯ ಬಳಿಯ ಆ ಹುಡುಗಿಯನ್ನೂ
ಹಾಗೇ ಅಂಟಿಸಿದ್ದೆ, ಮಾರ್ಚ್‌ನಿಂದೀಚೆಗೆ ಮೂರು ಸಲ.
ನನಗೆ ಅವಳ ಕಿವಿ ಎಂದರೆ
ಮೂರನೇ ಹಾಳೆ ನಾಲ್ಕನೆಯದಕ್ಕೆ ಕೂಡುವ ಜಾಗ,
ಅಷ್ಟೇ. ಗುಳ್ಳೆ ಏಳುತ್ತದೆ ಅಲ್ಲಿ,
ಅಂಗೈಯಿಂದ ಒತ್ತಿ ಸವರಬೇಕು.

ಊರಿಗೂ ಜಾಣ ಕಿವುಡು.
ಕಂಕುಳಲ್ಲಿ ಬಿಸಿ ರೊಟ್ಟಿ ಇಟ್ಟು ಎತೇರಿ ಹಾದುಹೋಗುತ್ತಾಳೆ.
ಮಿನಿಬಸ್ಸಿನವರು ಅವಳ ಗಲ್ಲದ ಕೆಳಗೇ ನಿಂತು
ಸವೆದ ಚಕ್ರಗಳ ಮಾತಾಡುತ್ತಾರೆ.
ಹಲ್ಲುನೋವಿನ ವಾಖೋ ಮಾತ್ರ ಒಮ್ಮೆ ಕೇಳಿದ:
'ಎಷ್ಟು ಚೆಂದದ ಹಲ್ಲು! ಯಾವ ಪೇಸ್ಟಿನದೋ ಇದು?'

ಗುರುವಾರ ಆಸ್ಪತ್ರೆಯಲ್ಲಿ
ಡಾಕ್ಟರು ನನ್ನ ಇಯಾಳ ಬೆನ್ನಹಿಂದೆ ಗಿಲಕಿ ಆಡಿಸಿದರು.
ಅವಳಮ್ಮ ತಿರುಗಿದಳು, ನಾನು ತಿರುಗಿದೆ,
ಬಾಗಿಲಲ್ಲಿದ್ದ ನರ್ಸು ತಿರುಗಿದಳು.
ಹದಿನಾಲ್ಕು ತಿಂಗಳ ಇಯಾ
ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದಳು.

ಬರುವಾಗ ಗೋಡೆ ನನ್ನನ್ನು ಹೆಸರು ಹಿಡಿದು ಕರೆಯಿತು.
ತುಟಿ ಅಲುಗಿಸುತ್ತ ಓದಿದೆ, ಒಂದನೇ ಕ್ಲಾಸಿನವನ ಹಾಗೆ:
ಶ್ರವಣಯಂತ್ರ. ಮಕ್ಕಳಿಗೂ. ಕಂತಿನಲ್ಲಿ.
ಪಕ್ಕದಲ್ಲೊಂದು ನಕ್ಷತ್ರ.
ಅದರ ಜೋಡಿ ನಕ್ಷತ್ರವನ್ನು ಹುಡುಕುತ್ತ ಮಂಡಿಯೂರಿದೆ.
ಇರುವೆ ಸಾಲಿನಂಥ ಅಕ್ಷರ,
ಮೇಲೆ ನನ್ನದೇ ಅಂಟಿನ ಒಣಗಿದ ಸೋರಿಕೆ.
ಉಗುರಲ್ಲಿ ಕೆರೆದರೆ ಕಾಗದವೂ ಎದ್ದು ಬಂತು,
'ಮೂರು' ಎಂಬುದಷ್ಟೇ ಉಳಿಯಿತು.
ಮೂರು ವರ್ಷ ತುಂಬಿದವರಿಗೆ ಎಂದಿತ್ತೋ ಏನೋ.
ನಾನು ಮೂರು ತಿಂಗಳು ಎಂದೇ ಓದಿಕೊಂಡೆ.

ತಲೆಯೆತ್ತಿದರೆ ಅವಳು ನಗುತ್ತಲೇ ಇದ್ದಾಳೆ.
ಕಿವಿ ಒಂದು ಬೆರಳು ಜಾರಿದೆ,
ಮೇಲಿನ ಸುರುಳಿ ಒಂದು ಕಡೆ, ಹಾಲೆ ಇನ್ನೊಂದು ಕಡೆ,
ಯಂತ್ರ ಕಾಣಬೇಕಾದಲ್ಲಿ ನನ್ನ ಹೊಲಿಗೆ.
ಮೂರು ಸಲವೂ ಹೀಗೇ ಅಂಟಿಸಿದ್ದೆನೆ?

ಸೋಮವಾರ ಅದರ ಮೇಲೆ ಟೈರಿನದು, ಆರ್ಡರ್ ಬಂದಿತ್ತು.
ಫೋನ್ ನಂಬರನ್ನು ಎಡ ಮುಂಗೈ ಮೇಲೆ ಬರೆದುಕೊಂಡೆ,
ಅಂಟು ತಾಗದ ಕಡೆ.
ಆಮೇಲೆ ಅಂಟಿಸಿದೆ. ಅಂಟಿಸದೆ ಏನು ಮಾಡಲಿ?
ಮೂರನೆಯದನ್ನು ನಾಲ್ಕನೆಯದಕ್ಕೆ ಕೂಡಿಸುವಾಗ
ಬೆನ್ನಹಿಂದೆ ಮಿನಿಬಸ್ಸಿನವನೊಬ್ಬ
ಬೆಲೆಯನ್ನು ಗಟ್ಟಿಯಾಗಿ ಓದಿದ, ಎರಡೆರಡು ಸಲ.

ನಾನು ತಿರುಗಲಿಲ್ಲ.