ಮೂರರಲ್ಲಿ ಎರಡು

ಡಿಸೆಂಬರಿನ ಮೂರನೇ ವಾರ, ಅಂಕಗಳೆಲ್ಲ ಬಂದ ಮೇಲೆ
ನಾನು ಪತ್ರ ಬರೆಯುತ್ತೇನೆ.
ಬರೆಯುವುದೇನು ಬಂತು, ಅದೇ ಪತ್ರ, ಹೆಸರಷ್ಟೇ ಬೇರೆ.
‘ತೃಪ್ತಿಕರ ಪ್ರಗತಿ’ ಎಂಬ ಮಾತು
ಅದರಲ್ಲಿ ನಾಲ್ಕು ಸಲ ಬರುತ್ತದೆ.
ಯಾರ ತೃಪ್ತಿ ಎಂದು
ಹದಿನೇಳು ವರ್ಷದಲ್ಲಿ ಒಬ್ಬನೇ ಕೇಳಿದ್ದು.

ವರ್ಲಿನ್ ಸ್ಟ್ರೌಡ್. ಐವತ್ತೆರಡು.
ಕೆಂಟಕಿಯ ಗುಡ್ಡಗಳ ಹೊಟ್ಟೆಯೊಳಗೆ ಕರೆಂಟಿನ ತಂತಿ ಎಳೆದವನು,
ಗಣಿ ಮುಚ್ಚಿದ ಮೇಲೆ
ಪಾದ್ರಿಯಾಗುತ್ತೇನೆಂದು ನಮ್ಮ ಸೆಮಿನರಿಗೆ ಬಂದವನು.
ಟೋಪಿ ತೆಗೆದು ಮಂಡಿಯ ಮೇಲಿಟ್ಟು ಕೂತ.
ಉಗುರಿನ ಸಂದಿಯಲ್ಲಿ ಇನ್ನೂ ಕರಿ,
ಯಾವ ಸೋಪಿಗೂ ಜಗ್ಗದ ಹಟಮಾರಿ ಕರಿ.

ನಿಯಮ ದೊಡ್ಡದೇನಲ್ಲ.
ಕೈಹಾಕಿದ ನೂರರಲ್ಲಿ ಅರವತ್ತೇಳು ದಡ ಮುಟ್ಟಬೇಕು,
ಇಲ್ಲವಾದರೆ ನೆರವು ನಿಲ್ಲುತ್ತದೆ.
ನಡುನೀರಲ್ಲಿ ಬಿಟ್ಟದ್ದೂ ಕೈಹಾಕಿದ ಲೆಕ್ಕವೇ.
ಅವನು ಹಾಕಿದ್ದು ಮೂವತ್ತಾರಕ್ಕೆ, ಮುಗಿಸಿದ್ದು ಇಪ್ಪತ್ತನಾಲ್ಕು.
ಕಂಪ್ಯೂಟರನ್ನು ಅವನತ್ತ ತಿರುಗಿಸಿದೆ:
ಆರು, ಆರು, ಚುಕ್ಕಿ, ಆರು, ಆರು, ಆರು, ಆರು
ಪರದೆಯ ಅಂಚಿನವರೆಗೂ.
“ಮಿಸೆಸ್ ಟ್ಯಾಕೆಟ್, ಈ ಕಟ್ಟಡದಲ್ಲಿ
ಆ ಅಂಕೆಯನ್ನು ಹೀಗೆ ಬಹಿರಂಗವಾಗಿ ಇಡಬಾರದು” ಅಂದ.
ಇಬ್ಬರೂ ನಕ್ಕೆವು.
ನಗು ಮುಗಿಯಿತು. ಆರು ಮುಗಿಯಲಿಲ್ಲ.

ಕೈಕೊಟ್ಟದ್ದು ಗ್ರೀಕ್.
ಒಮ್ಮೆ ನಪಾಸು, ಎರಡು ಸಲ ನಡುವೆ ಬಿಟ್ಟದ್ದು.
ಎರಡು ಸಲವೂ ಅಕ್ಟೋಬರ್.
“ಅಕ್ಟೋಬರಿನಲ್ಲಿ ಏನಾಗುತ್ತದೆ ನಿಮಗೆ?” ಎಂದೆ.

ನನಗೇನೂ ಆಗುವುದಿಲ್ಲ, ಅಂದ.
ಚಳಿ ಇಳಿದೊಡನೆ ಅವರ ಉಸಿರು ಕಟ್ಟುತ್ತದೆ,
ನನ್ನ ಪಾಳಿಯ ಜನ, ಪುಪ್ಪುಸದ ತುಂಬ ಕಲ್ಲಿದ್ದಲ ಧೂಳು.
ಹೆಂಡತಿ ನಿದ್ದೆ ಮಾಡಬೇಕಲ್ಲ,
ರಾತ್ರಿ ಯಾರಾದರೂ ಕೂರಬೇಕಲ್ಲ,
ಆಕ್ಸಿಜನ್ ಯಂತ್ರ ಟುಸ್ ಟುಸ್ ಅನ್ನುತ್ತಿರುತ್ತದೆ,
ನಾನು ಕ್ರಿಯಾಪದ ಬಾಯಿಪಾಠ ಮಾಡುತ್ತಿರುತ್ತೇನೆ.
ಹೋಬರ್ಟ್ ಕಣ್ಣು ಮುಚ್ಚಿಕೊಂಡೇ ಹೇಳಿದ:
“ಅದೇನು ಭಾಷೆಯೋ ಮಾರಾಯ,
ಇನ್ನೊಮ್ಮೆ ಹೇಳು, ಕೇಳಲು ಚೆನ್ನಾಗಿದೆ.”
ಇನ್ನೊಮ್ಮೆ ಹೇಳಿದೆ.
ಬೆಳಗಿನ ಹೊತ್ತಿಗೆ ಕೇಳುವವನಿರಲಿಲ್ಲ.
ಪರೀಕ್ಷೆ ಎಂಟೂವರೆಗೆ.

ಮೇಲ್ಮನವಿಯ ಫಾರಂ ಮುಂದಿಟ್ಟೆ.
ಇಷ್ಟನ್ನೇ ಬರೆಯಿರಿ, ಸಾಕು.
ಜೊತೆಗೊಂದು ದಾಖಲೆ:
ಮರಣಪತ್ರ, ಆಸ್ಪತ್ರೆಯ ಚೀಟಿ,
ಪೇಪರಿನ ತುಣುಕಾದರೂ ನಡೆಯುತ್ತದೆ.
ಒಂದು ಸೆಮಿಸ್ಟರಿನ ಗಡುವು ಸಿಗಬಹುದು.

ಟೋಪಿಯನ್ನು ಒಂದು ಸುತ್ತು ತಿರುಗಿಸಿದ.
“ಅವರು ಸತ್ತದ್ದು ನನ್ನ ಫೀಸಿಗಲ್ಲ.”

ಮೆಲ್ಲಗೇ ಅಂದದ್ದು. ಆದರೂ
ಪಕ್ಕದ ಮೇಜಿನ ಜನೀವಾ ಟೈಪ್ ಮಾಡುವುದನ್ನು ನಿಲ್ಲಿಸಿದಳು.
ನಾನು ನಿಯಮ ಓದಿ ಹೇಳಿದೆ.
ಬೇರೇನು ಮಾಡಲಿ, ಬಾಯಿಗೆ ಬಂದದ್ದು ಅದೇ.
‘ದಾಖಲೆಯಿಲ್ಲದ ಮನವಿಯನ್ನು ಪರಿಗಣಿಸಲಾಗದು.’
ಅವನು ಎಲ್ಲಕ್ಕೂ ತಲೆದೂಗಿದ,
ತಪ್ಪು ನನ್ನದಲ್ಲವೆಂದು ನನಗೇ ಸಮಾಧಾನ ಹೇಳುವವನಂತೆ.
ಸಹಿ ಹಾಕಿದ. ಕಾರಣದ ಜಾಗದಲ್ಲಿ
‘ಗ್ರೀಕ್ ಕಷ್ಟ’ ಎಂದು ಬರೆದ.
ಹೋದ.

ಕುರ್ಚಿಯ ಮೇಲೆ ಒಂದು ರಟ್ಟಿನ ಚೀಟಿ ಉಳಿದಿತ್ತು,
ಜೇಬಿನಿಂದ ಜಾರಿದ್ದು.
ಒಂದು ಮಗ್ಗುಲಲ್ಲಿ ನನಗೆ ಓದಲಾಗದ ಅಕ್ಷರ,
ಮೂರು ಸಲ ಅಳಿಸಿ ಬರೆದು ಕಾಗದವೇ ಸವೆದಿದೆ.
ಇನ್ನೊಂದು ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಅರ್ಥ:
‘ಜೊತೆಗೆ ಉಳಿದೆನು’.
ಕೆಳಗೆ ಆಕ್ಸಿಜನ್ ಅಂಗಡಿಯ ಫೋನ್ ನಂಬರು.

ಕಿಟಕಿಯಾಚೆ ಅವನ ಟ್ರಕ್ಕು
ಹೊಗೆ ಬಿಡುತ್ತ ಬಹಳ ಹೊತ್ತು ಅಲ್ಲೇ ನಿಂತಿತ್ತು.
ಕೂಗಿ ಕರೆದು ಕೊಡಬಹುದಿತ್ತು.
ಕೊಡಲಿಲ್ಲ.
‘ಲಗತ್ತು: ಒಂದು’ ಎಂದು ಬರೆದು
ಚೀಟಿಯನ್ನು ಫಾರಮ್ಮಿಗೆ ಪಿನ್ನು ಮಾಡಿದೆ.

ಆ ಅರ್ಥ ಸರಿಯೋ ತಪ್ಪೋ ನಾನರಿಯೆ.
ಗುರುವಾರ ಎರಡು ಗಂಟೆಗೆ ಸಮಿತಿ.
ಗ್ರೀಕ್ ಬಲ್ಲವರು ಅಲ್ಲಿ ಮೂವರಿದ್ದಾರೆ.