ಹದಿನಾಲ್ಕನೇ ಪೆಟ್ಟಿಗೆ

ಟೊಂಚ್ಕಾ ಬಂದಾಗ ಪಕ್ಕದ ಬೇಕರಿಯವ ಎರಡನೇ ಸಲ ಒಲೆ ತೆರೆದಿದ್ದ.
ಮಾರಲು ತಂದ ಕೋಳಿಯ ಹಾಗೆ ಕಂಕುಳಲ್ಲಿ ಲ್ಯಾಪ್‌ಟಾಪು.
"ಇದರ ಗಂಟಲು ಕಟ್ಟಿದೆ, ರಾಡೊ.
ಮೊನ್ನೆಯವರೆಗೂ ಮಾತಾಡುತ್ತಿತ್ತು."

ತೊಲ್ಮಿನ್‌ನ ಈ ಸಂದಿಯಲ್ಲಿ
ಕಾಫಿ ಕುಡಿದ ಕೀಬೋರ್ಡು, ಊದಿಕೊಂಡ ಬ್ಯಾಟರಿಗಳ ನಡುವೆ ಕೂತು
ನಾನು ಎಲ್ಲರಿಗೂ ಮೊದಲು ಕೇಳುವುದು ಒಂದೇ:
ಮ್ಯೂಟ್ ಆಗಿದೆಯಾ ನೋಡಿದಿರಾ?
ಅವಳು ನೋಡಿದ್ದಾಳೆ.
ಅಂಚೆಯವನೂ ನೋಡಿದ್ದಾನೆ, ಪಾದ್ರಿಯೂ ನೋಡಿದ್ದಾರೆ.

ಒತ್ತಿದೆ. ಬಂತು ಸದ್ದು,
ತಗಡಿಗೆ ಉಗುರು ಕೆರೆದಂತೆ. ಆಮೇಲೆ ಏನೂ ಇಲ್ಲ.
ಮತ್ತೊಂದು ಚೂರು ಕೆರೆತ,
ಬಾವಿಯ ತಳದಿಂದ ಯಾರೋ ಅರ್ಧ ಅಕ್ಷರ ಹೇಳಿ
ಬಾಯಿ ಮುಚ್ಚಿಕೊಂಡಂತೆ.

"ಏನು ಕೇಳಬೇಕಿತ್ತು ನಿನಗೆ?"
"ರಾಣಿ," ಅಂದಳು.

ಐವತ್ತು ವರ್ಷ ಮರದ ಪೆಟ್ಟಿಗೆಗೆ ಕಿವಿಯಿಟ್ಟು ಜೇನು ಸಾಕಿದವಳು.
ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿದ ಮೇಲೆ
ಮೊದಲು ಹೊರಬಂದ ಹೊಸಬಳು ತೂ... ತೂ... ಎನ್ನುತ್ತಾಳೆ;
ಇನ್ನೂ ಮೇಣದ ತೊಟ್ಟಿಲಲ್ಲಿರುವವರು
ಕ್ವಾ ಕ್ವಾ ಎಂದು ಒಳಗಿಂದಲೇ ಜಗಳಕ್ಕೆ ನಿಲ್ಲುತ್ತಾರೆ.
ಆ ಜಗಳ ಕೇಳಿಸಿತೋ, ಎರಡು ದಿನದಲ್ಲಿ
ಇನ್ನೊಂದು ಹಿಂಡು ಎದ್ದೇ ಏಳುತ್ತದೆ.
ಈಗ ಎಡಗಿವಿ ಪೂರ್ತಿ ಹೋಗಿದೆ,
ಬಲದ್ದು ಭಾನುವಾರ ಮಾತ್ರ ಕೆಲಸ ಮಾಡುತ್ತದೆ.
ಅದಕ್ಕೇ ಹದಿನಾಲ್ಕನೇ ಪೆಟ್ಟಿಗೆಯೊಳಗೆ ಮೈಕು, ಉದ್ದನೆಯ ತಂತಿ,
ಅಡುಗೆಮನೆಯಲ್ಲಿ ಈ ಯಂತ್ರ.

ಸ್ಪೀಕರಿನ ಜಾಲರಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ.
ಬಂತು ಹಿಟ್ಟು, ಮೇಣದ ಅಂಟು, ಒಂದು ರೆಕ್ಕೆ.
ಡ್ರೈವರ್ ಕಿತ್ತೆ, ಮತ್ತೆ ನೆಟ್ಟೆ.
ಆರಿಸಿ ಹೊತ್ತಿಸಿದೆ, ನಮ್ಮ ಕಸುಬಿಗಿರುವುದು ಅದೊಂದೇ ಮಂತ್ರ.
ಅಗ್ನಿಶಾಮಕ ದಳದವರ ಬ್ಯಾಂಡು ಹಾಕಿದರೆ
ಟ್ಯೂಬಾ ಊದುವವನ ಏದುಸಿರೂ ಸ್ಪಷ್ಟ.
ಅವಳ ನಿನ್ನೆ ರಾತ್ರಿಯ ರೆಕಾರ್ಡಿಂಗ್ ಹಾಕಿದರೆ
ಮತ್ತದೇ ತಗಡು, ಅದೇ ಉಗುರು.

ಅಂದರೆ ಬಾಯಿ ಸರಿಯಿದೆ, ಕೆಟ್ಟಿರುವುದು ಕಿವಿ.
"ನನ್ನ ಹಾಗೇ," ಅಂದಳು.

ಸಂಜೆ ಅವಳ ಹಿತ್ತಲಿಗೆ ಹೋದೆ.
ಹದಿನಾಲ್ಕರ ಹಲಗೆಯ ಮೇಲೆ ಯಾರೋ ಬರೆದ ಹಳೆಯ ಚಿತ್ರ:
ಬೇಟೆಗಾರನ ಹೆಣ ಹೊತ್ತು ಹೊರಟ ಕರಡಿ, ನರಿ, ಮೊಲ.
ಮೊಲದ ಹೊಟ್ಟೆಗೆ ಕಿವಿಯೊತ್ತಿದೆ,
ಒಳಗೆ ಇಡೀ ಸಂತೆ.
ಅಡುಗೆಮನೆಗೆ ಓಡಿದೆ,
ಲ್ಯಾಪ್‌ಟಾಪಿನಲ್ಲಿ ಊರೇ ಖಾಲಿ.

ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು,
ಈರುಳ್ಳಿ ಸುಲಿದಂತೆ ಸುಲಿಯುತ್ತ ಹೋದರೆ
ಕೊನೆಗೊಂದು ಪುಟ್ಟ ಚೌಕ, ಅದರಲ್ಲಿ ಸರಿ ಗುರುತು,
ಮೊನ್ನೆ ರಾತ್ರಿಯ ಅಪ್‌ಡೇಟು ಯಾರನ್ನೂ ಕೇಳದೆ ಹಾಕಿ ಹೋದದ್ದು:
ಗದ್ದಲ ನಿವಾರಣೆ.

ಎಲ್ಲೋ ಕೂತವರು ಕಲಿಸಿದ್ದಾರೆ ಅದಕ್ಕೆ,
ಮನುಷ್ಯರಾಡಿದ್ದು ಮಾತು, ಉಳಿದದ್ದು ಗದ್ದಲ,
ಒಂದೇ ಸಮನೆ ಗುಂಯ್ ಎನ್ನುವುದೆಲ್ಲ ಫ್ಯಾನು.
ನಲವತ್ತು ಸಾವಿರ ಜೀವಗಳನ್ನು
ಫ್ಯಾನೆಂದು ತಿಳಿದು, ಬಲು ವಿನಯದಿಂದ,
ಅಳಿಸುತ್ತ ಕೂತಿತ್ತು.

ಗುರುತು ತೆಗೆದೆ.

ಬಸಿಯೊಳಗೆ ಚಮಚ ನಡುಗಿತು.
ಬೆಕ್ಕು ಮೇಜಿನಿಂದ ಹಾರಿ ಹೊರಗೋಡಿತು.
ಟೊಂಚ್ಕಾ ಬಲಗಿವಿಯನ್ನು ಸ್ಪೀಕರಿಗೆ ಅಂಟಿಸಿ
ಬೆರಳೆತ್ತಿದಳು: ಸುಮ್ಮನಿರು.
ಆ ದಪ್ಪ ಮೊರೆತದ ನಡುವಿನಿಂದ
ತೂ.
ಆಮೇಲೆ, ಗೋಡೆಯಾಚೆಯಿಂದ, ಸಿಟ್ಟಿನಲ್ಲಿ,
ಕ್ವಾ ಕ್ವಾ.

"ನಾಡಿದ್ದು," ಅಂದಳು. "ಮಧ್ಯಾಹ್ನ. ಮಳೆ ಬಂದರೆ ಇಲ್ಲ."
ಖಾಲಿ ಪೆಟ್ಟಿಗೆ ಹುಡುಕಲು ಎದ್ದೇ ಹೋದಳು.
ಹದಿನೈದು ಯೂರೋ ಹೇಳಿದ್ದೆ,
ಮೇಜಿನ ಮೇಲೆ ಹನ್ನೆರಡಿತ್ತು.

ಆ ರಾತ್ರಿ ನನ್ನ ಯಂತ್ರದಲ್ಲೂ ಹುಡುಕಿದೆ.
ಇತ್ತು ಅದೇ ಚೌಕ, ಎಷ್ಟು ಕಾಲದಿಂದಲೋ. ತೆಗೆದೆ.
ಬೆಳಿಗ್ಗೆ ಕೋಪರ್‌ನಿಂದ ಗಿರಾಕಿಯೊಬ್ಬ ಕರೆ ಮಾಡಿದ,
ಐದು ವರ್ಷದ ಪರಿಚಯ. ಎರಡು ಮಾತಿಗೇ ತಡೆದ:
"ರಾಡೊ, ಹಿಂದೆ ಏನೋ ಸೋರುತ್ತಿದೆಯಲ್ಲ,
ನಿನ್ನ ಸೌಂಡೇ ಸರಿಯಿಲ್ಲ. ಯಾರಿಗಾದರೂ ತೋರಿಸು."

ಕೆಳಗೆ ಹಿಮ ಕರಗಿದ ನೀರು ಹೊತ್ತು
ಸೋಚಾ ನದಿ ಕಲ್ಲುಗಳನ್ನು ಉರುಳಿಸುತ್ತಿತ್ತು.
"ತೋರಿಸುತ್ತೇನೆ," ಅಂದೆ.
ಕಿಟಕಿ ಮುಚ್ಚಲಿಲ್ಲ.