ಕುರ್ಚಿ

ಧೋಬಿ ತಲಾವಿನ ಹಳೆ ಚಾಳು, ಮೂರನೇ ಮಾಳಿಗೆ.
ಬಾಡಿಗೆ ವಸೂಲಿಗೆ ಬಂದ ನಾನು
ರಸೀತಿ ಪುಸ್ತಕ ಮಡಚಿ ಬಾಗಿಲಲ್ಲೇ ನಿಂತಿದ್ದೇನೆ.
ಅನಾಕ್ಲೆತೊ ಫುರ್ತಾದೊ, ಎಂಬತ್ತೆರಡು, ಬರೀ ಬನಿಯನ್ನು,
ರೇಡಿಯೋ ಕಡೆ ಕತ್ತು ಚಾಚಿ ಕೂಗುತ್ತಾನೆ:
"ಎಸ್ಪೆರಾನ್ಸಾ, ಒಲೆ ಸಣ್ಣ ಮಾಡು, ಬಂತು!"

ಬಂದದ್ದು ಅಂಥದ್ದೇನಲ್ಲ.
ಹಾರ್ಮೋನಿಯಮ್ಮಿನ ಒಂದೆಳೆ, ಮೆತ್ತಗೆ ತಬಲಾ,
ಒಬ್ಬ ಹೆಂಗಸಿನ ದನಿ.
ಹಾಡುತ್ತಿದ್ದಾಳೆ ಅನ್ನುವಂತಿಲ್ಲ.
ಬೀಗ ಹಾಕಿ ಮೆಟ್ಟಿಲಿಳಿದವಳು
ಗಿಡಕ್ಕೆ ನೀರು ಹಾಕಿದೆನೋ ಇಲ್ಲವೋ ಎಂದು
ನಡುವೆ ನಿಂತು ತನ್ನನ್ನೇ ಕೇಳಿಕೊಂಡ ಹಾಗೆ.

"ಇಪ್ಪತ್ತೆರಡು ಪಿಟೀಲು, ಆರು ಚೆಲ್ಲೋ, ಎರಡು ಟ್ರಂಪೆಟ್ಟು.
ಎದುರಿಗೆ ಶಾಯಿ ಆರದ ಹಾಳೆ.
ಎರಡು ಸಲ ನುಡಿಸಿದೆವು, ಸಮುದ್ರ ಎದ್ದು ನಿಂತ ಹಾಗೆ.
ನಿರ್ದೇಶಕ ನಮ್ಮನ್ನೊಮ್ಮೆ ನೋಡಿದ,
ಗಾಜಿನಾಚೆ ಅವಳನ್ನೊಮ್ಮೆ.
ನೀವು ಬೇಡ, ಅಂದ. ಕೂಲಿ ಸಿಗುತ್ತೆ.
ಎದ್ದು ಮಾತ್ರ ಹೋಗಬೇಡಿ, ಬಾಗಿಲು ಸದ್ದು ಮಾಡುತ್ತೆ."

ಕಮಾನು ತೊಡೆಯ ಮೇಲೆ.
ಫ್ಯಾನು ನಿಲ್ಲಿಸಿದ್ದರಂತೆ.
ಕಾಲರಿನೊಳಗೆ ಬೆವರು ಇಳಿಯುವುದು ಕೂಡ ಕೇಳುತ್ತಿತ್ತಂತೆ.
"ಮೂವತ್ತು ಮಂದಿ ನುಡಿಸದೆ ಕೂತರೆ
ಅದಕ್ಕೊಂದು ತೂಕವಿರುತ್ತೆ, ಮಗಾ.
ತುಂಬಿದ ಕೊಡ ಹೊತ್ತವಳು
ಬೇರೆಯೇ ಥರ ನಡೆಯುತ್ತಾಳಲ್ಲ, ಹಾಗೆ."

ಮೊದಲ ಚರಣ ಮುಗಿಯಿತು.
ಬೆರಳೆತ್ತಿದ: "ಈಗ ನೋಡು, ನಾನು."
ಏನೂ ಬರಲಿಲ್ಲ.
ಯಾರೋ ಹಳೆಯದನ್ನೆಲ್ಲ ತೊಳೆದು ಮಡಿ ಮಾಡಿ
ಹೊಸ ಪ್ರತಿ ತೆಗೆದಿದ್ದಾರೆ;
ಬೆತ್ತದ ಕುರ್ಚಿಯ ಸಾಸಿವೆಯಷ್ಟು ಕಿರುಗುಟ್ಟನ್ನು
ಕಲ್ಲೆಂದು ಆರಿಸಿ ಎಸೆದಿದ್ದಾರೆ.

ಸಾವಿರದ ಮೇಲೆ ಹಾಡಿಗೆ ನುಡಿಸಿದವನು.
ಯಾವುದರಲ್ಲೂ ಇದು ನಾನು ಎಂದು ಹೆಕ್ಕಿ ತೋರಿಸಲಾರ.
ಇದೊಂದರಲ್ಲಿ ಇದ್ದ.

ಎತ್ತಿದ ಬೆರಳನ್ನು ಒಂದು ಗಳಿಗೆ ಹಾಗೇ ಹಿಡಿದು
ಕೂತಲ್ಲೇ ಎಡಕ್ಕೆ ವಾಲಿದ ಮುದುಕ.
ಕಿರ್ರ್.
ಸರಿಯಾಗಿ ತಾಳಕ್ಕೆ.
ಅವಳು ಎರಡನೇ ಚರಣ ಎತ್ತಿಕೊಂಡಳು.

ಆ ನುಡಿಸದ ಹಾಳೆ ಏನಾಯಿತು, ಕೇಳಿದೆ.
ಸೌಟು ಹಿಡಿದೇ ಹೊರಬಂದಳು ಎಸ್ಪೆರಾನ್ಸ:
"ಅದರಲ್ಲಿ ಒಣ ಬೊಂಬಿಲು ಸುತ್ತಿಟ್ಟಿದ್ದೆ.
ಒಳ್ಳೇ ಗಟ್ಟಿ ಕಾಗದ, ಮಳೆಗಾಲ ಪೂರ್ತಿ ಬಂತು."
ಆಮೇಲೆ ಅವನ ಕಡೆ ತಿರುಗಿ, ಮೆಲ್ಲಗೆ,
"ಮುಗಿಯಿತಾ? ಒಲೆ ದೊಡ್ಡದು ಮಾಡಲಾ?"